ಕೊಟ್ಟೆಯ ಹಾಳೆಯ ಒಳಗು

ಉತ್ತರ ಕನ್ನಡದ ಕತಗಾಲದ ನಮ್ಮ ತೋಟಕ್ಕೆ ಪಾಲಿಥೀನ್ ಬಂದದ್ದು ಅಡಕೆ ಕೊನೆಗೆ ಕಟ್ಟುವ ಕೊಟ್ಟೆಯಾಗಿ. ಅದಕ್ಕೆ ಮೊದಲು ಕರಡದ ಹುಲ್ಲು ಹೆಣೆದು ಮಾಡಿದ ಕೊಟ್ಟೆಗಳಿದ್ದವು. ಮಳೆ ಹಿಡಿಯುವ ಮುಂಚೆ ಕೊನೆಗೌಡರು ಮರ ಹತ್ತಿ ಒಂದೊಂದು ಕೊನೆಗೂ ಒಂದೊಂದು ಕಟ್ಟಿ ಇಳಿಯುತ್ತಿದ್ದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ಇದು. ಎಳೆಗಾಯಿಯ ಮೇಲೆ ನೀರು ನಿಂತರೆ ಕೊಳೆ ಬಂತು; ಕೊಳೆ ಬಂದರೆ ಕಾಯಿ ಉದುರಿ ಮರದ ಬುಡದಲ್ಲಿ ಹಾಸಿತು. ಮೈಲುತುತ್ತ, ಸುಣ್ಣ ಕೂಡಿಸಿ ಹೊಡೆಯುವ ಮದ್ದನ್ನು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಹೊತ್ತಿಗೇ ಕೊಳೆರೋಗಕ್ಕೆ ಹೇಳಿಕೊಟ್ಟಿದ್ದರು. ನಮ್ಮ ಕಡೆ ಮದ್ದಿನ ಜೊತೆಗೆ ಕೊಟ್ಟೆಯೂ ಉಳಿದಿತ್ತು. ಕರಡದ ಕೊಟ್ಟೆ ಒಂದು ಮಳೆಗಾಲಕ್ಕೆ ಮುಗಿದು ಗೊಬ್ಬರದ ಗುಂಡಿ ಸೇರುತ್ತಿತ್ತು. ಹೆಣೆಯುವ ಕೈಗಳು ಕಡಿಮೆಯಾದ ಹಾಗೆ ಪಾಲಿಥೀನ್ ಬಂತು. ಅದನ್ನು ಅಂಗಡಿಯಲ್ಲಿ ಗೇಜಿನ ಲೆಕ್ಕದಲ್ಲಿ ಕೇಳಬೇಕಿತ್ತು. 100 ಗೇಜೆಂದರೆ ಸುಮಾರು 25 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ನಲವತ್ತರ ಒಂದು ಪಾಲು.

ಹೊಸ ಕೊಟ್ಟೆ ಮೆತ್ತಗಿರುತ್ತಿತ್ತು. ಮೊದಲ ವರ್ಷ ಇಳಿಸಿದ್ದನ್ನು ತೊಳೆದು ಅಟ್ಟದ ಮೇಲಿಟ್ಟು ಮತ್ತೆ ಬಳಸಬಹುದಿತ್ತು. ಎರಡನೆಯ ವರ್ಷ ಇಳಿಸುವಾಗ ಅದೇ ಹಾಳೆ ಮಬ್ಬು ಹಿಡಿದು, ಮುಟ್ಟಿದಲ್ಲಿ ಚರಚರನೆ ಮುರಿಯುತ್ತಿತ್ತು. ಇನ್ನೊಂದು ಗುಣವನ್ನು ತೋರಿಸಿಕೊಟ್ಟವರು ನಮ್ಮ ಕೊನೆಗೌಡರು. "ನೋಡಿ ತಂಗಿ, ಹೀಂಗೆ ಎಳದ್ರೆ ಸೀಳ್ತದೆ, ಹಾಂಗೆ ಎಳದ್ರೆ ಬರೀ ಹಿಗ್ತದೆ" ಎಂದು ಒಂದೇ ಚೂರನ್ನು ಎರಡು ದಿಕ್ಕಿಗೆ ಎಳೆದು ತೋರಿಸಿದ್ದರು. ದಾರ ಪೋಣಿಸುವ ತೂತನ್ನು ಯಾವ ಅಂಚಿಗೆ ಮಾಡಬೇಕು ಎಂಬುದನ್ನು ಅವರು ಇದನ್ನು ನೋಡಿಯೇ ಗೊತ್ತು ಮಾಡುತ್ತಿದ್ದರು. ಒಂದೇ ವಸ್ತು ಒಂದು ಕಡೆಗೆ ಸೀಳುವುದು, ಇನ್ನೊಂದು ಕಡೆಗೆ ಹಿಗ್ಗುವುದು, ಬಿಸಿಲಲ್ಲಿ ವಯಸ್ಸಾದ ಹಾಗೆ ಪೆಡಸಾಗುವುದು: ಮೂರಕ್ಕೂ ಕಾರಣ ಹಾಳೆಯ ಒಳಗಿನ ಕಟ್ಟಡದಲ್ಲಿದೆ ಎಂದು ನನಗೆ ತಿಳಿದದ್ದು ಧಾರವಾಡಕ್ಕೆ ಹೋದ ಮೇಲೆ.

ಕುಮಟೆಯ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆಂದು ಹೋದದ್ದು 1980ರ ದಶಕದ ಕೊನೆಯ ಭಾಗದಲ್ಲಿ. ಕತಗಾಲದಲ್ಲಿ ಶಿರಸಿ ಬಸ್ಸು ಹತ್ತಿ ದೇವಿಮನೆ ಘಟ್ಟ ಏರುವುದು, ಶಿರಸಿಯಲ್ಲಿ ಹುಬ್ಬಳ್ಳಿ ಬಸ್ಸು ಹಿಡಿಯುವುದು. ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊ. ತೇಜರಾಜ ಅಮಿನಭಾವಿಯವರು ಪಾಲಿಮರ್ ಹಾಳೆಗಳ ಮೂಲಕ ದ್ರವಗಳು ಹೇಗೆ ಹಾಯುತ್ತವೆ ಎಂಬುದರ ಮೇಲೆ ಕೆಲಸ ಮಾಡುತ್ತಿದ್ದರು. ಮುಂದೆ ಅಲ್ಲಿ ಪಾಲಿಮರ್ ವಿಜ್ಞಾನಕ್ಕೆಂದೇ ಒಂದು ಉತ್ಕೃಷ್ಟತಾ ಕೇಂದ್ರ ಆಯಿತು. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಇವುಗಳ ಪೊರೆ ಮಾಡಿ ಆಲ್ಕೋಹಾಲಿನಿಂದ ನೀರನ್ನು ಬೇರ್ಪಡಿಸುವ ಕೆಲಸಕ್ಕೆ ಅದು ಹೆಸರಾಯಿತು. ಅಘನಾಶಿನಿಯ ಅಳಿವೆಯಲ್ಲಿ ಸಿಗಡಿ ಸುಲಿದು ಚಿಪ್ಪನ್ನು ದಂಡೆಯಲ್ಲಿ ರಾಶಿ ಹಾಕುವುದನ್ನು ಕಂಡು ಬೆಳೆದ ನನಗೆ, ಆ ಚಿಪ್ಪು ಗಾಜಿನಂಥ ಹಾಳೆಯಾಗಬಲ್ಲದು ಎಂಬುದು ದೊಡ್ಡ ಸಂಗತಿಯಾಗಿತ್ತು.

ಹಾಳೆಯ ಒಳಗನ್ನು ತಿಳಿಯಲು ಆಗ ನಮ್ಮ ಕೈಯಲ್ಲಿದ್ದ ಮುಖ್ಯ ಸಾಧನ ತಕ್ಕಡಿ. ಹಾಳೆಯಿಂದ ದುಂಡನೆಯ ಬಿಲ್ಲೆ ಕತ್ತರಿಸಿ ತೂಗುವುದು, ಟಾಲೂಯಿನ್‌ನಂಥ ದ್ರವದಲ್ಲಿ ಮುಳುಗಿಸುವುದು, ಹೊತ್ತು ನೋಡಿ ತೆಗೆದು, ಮೇಲಿನ ಹನಿಯನ್ನು ಫಿಲ್ಟರ್ ಕಾಗದದಿಂದ ಒತ್ತಿ, ಮತ್ತೆ ತೂಗುವುದು. ತೂಕ ಏರುವ ರೇಖೆಯನ್ನು ಗ್ರಾಫ್ ಹಾಳೆಯ ಮೇಲೆ ಎಳೆದರೆ ಒಳಗೆ ದಾರಿ ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದು ತಿಳಿಯುತ್ತಿತ್ತು. ಪಾಲಿಥೀನಿನಲ್ಲಿ ಹರಳಾಗಿ ಒತ್ತೊತ್ತಾಗಿ ಕೂತ ಭಾಗ, ಗೋಜಲಾಗಿ ಬಿದ್ದ ಸಡಿಲ ಭಾಗ ಎಂದು ಎರಡಿವೆ. ದ್ರವ ಹೋಗುವುದು ಸಡಿಲ ಭಾಗದಲ್ಲಿ ಮಾತ್ರ. ಹರಳಿಗೆ ಅದರ ಪ್ರವೇಶವಿಲ್ಲ. ಕಣ್ಣಿಗೆ ಕಾಣದ್ದನ್ನು ತೂಕದಿಂದ ಓದುವ ಈ ವಿದ್ಯೆಯ ಮೇಲೆ ನನಗೆ ಇಂದಿಗೂ ಗೌರವ ಇದೆ. ಚಿತ್ರ ಒಂದು ಚೂರಿನ ಮಾತು ಹೇಳುತ್ತದೆ. ತಕ್ಕಡಿ ಇಡೀ ಬಿಲ್ಲೆಯ ಮಾತು ಹೇಳುತ್ತದೆ.

ಒಳಗನ್ನು ಕಣ್ಣಾರೆ ಕಂಡವರ ಕಥೆ ಸಿಕ್ಕಿದ್ದು ಗ್ರಂಥಾಲಯದಲ್ಲಿ. 1957ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಹಂಗೇರಿ ಮೂಲದ ಆಂಡ್ರ್ಯೂ ಕೆಲ್ಲರ್ ಪಾಲಿಥೀನನ್ನು ಬಿಸಿ ಜೈಲೀನಿನಲ್ಲಿ ತೀರ ತೆಳುವಾಗಿ ಕರಗಿಸಿ ಆರಲು ಬಿಟ್ಟರು. ದ್ರಾವಣದಲ್ಲಿ ಸಣ್ಣ ಚಕ್ಕೆಗಳು ಮೂಡಿದವು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅವು ವಜ್ರಾಕೃತಿಯ ಹರಳುಗಳು, ದಪ್ಪ ಸುಮಾರು 10 ನ್ಯಾನೊಮೀಟರ್. ಬೆಳಕಿನ ಮೈಕ್ರೋಸ್ಕೋಪಿಗೆ 200 ನ್ಯಾನೊಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸುವುದು ಕಷ್ಟ, ಹಾಗಾಗಿ ಎಲೆಕ್ಟ್ರಾನ್ ಇಲ್ಲದೆ ಇದು ಸಿಗುವಂತಿರಲಿಲ್ಲ. ಎಲೆಕ್ಟ್ರಾನುಗಳು ಚದುರಿ ಮೂಡಿಸಿದ ಚುಕ್ಕೆಗಳ ವಿನ್ಯಾಸ ಇನ್ನೊಂದು ಮಾತು ಹೇಳಿತು: ಸರಪಳಿಗಳು ಹರಳಿನ ಮೈಗೆ ಲಂಬವಾಗಿ ನಿಂತಿವೆ. ಪಾಲಿಥೀನಿನ ಒಂದು ಸರಪಳಿಯನ್ನು ನೆಟ್ಟಗೆ ಎಳೆದರೆ ಅದು ಆ ದಪ್ಪದ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಉದ್ದ. ಅಷ್ಟು ಉದ್ದದ್ದು ಅಷ್ಟು ತೆಳುವಿನಲ್ಲಿ ನಿಲ್ಲಬೇಕಾದರೆ ಒಂದೇ ದಾರಿ, ಬಾವಿಹಗ್ಗವನ್ನು ಗೇಣುಗೇಣಿಗೆ ಮಡಚಿ ಇಟ್ಟ ಹಾಗೆ ಹಿಂದೆ ಮುಂದೆ ಮಡಚಿಕೊಳ್ಳುವುದು. ಅದೇ ವರ್ಷ ಅಮೆರಿಕದಲ್ಲಿ ಟಿಲ್, ಜರ್ಮನಿಯಲ್ಲಿ ಫಿಶರ್ ಬೇರೆ ಬೇರೆಯಾಗಿ ಇಂಥದೇ ಹರಳುಗಳನ್ನು ಕಂಡಿದ್ದರು.

ಆದರೆ ಪಾಲಿಮರ್ ವಿಜ್ಞಾನದ ಹಿರಿಯ, 1974ರ ನೊಬೆಲ್ ಪಡೆದ ಪಾಲ್ ಫ್ಲೋರಿ, ಸರಪಳಿ ಹೊರಬಂದ ಜಾಗದ ಪಕ್ಕದಲ್ಲೇ ಅಚ್ಚುಕಟ್ಟಾಗಿ ಒಳಹೊಗುತ್ತದೆ ಎಂಬುದನ್ನು ಒಪ್ಪಲಿಲ್ಲ. ಎಲ್ಲೋ ಹೊರಬಂದದ್ದು ಇನ್ನೆಲ್ಲೋ ಒಳಗೆ ಹೋಗುತ್ತದೆ ಎಂದು ಅವರ ವಾದ. 1979ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಫ್ಯಾರಡೆ ಚರ್ಚಾಗೋಷ್ಠಿಯಲ್ಲೂ ಈ ಜಗಳ ಕಾವೇರಿತ್ತು. ಚಿತ್ರ ಎಲ್ಲರ ಮುಂದಿತ್ತು, ಹರಳಿನ ದಪ್ಪದ ಬಗ್ಗೆ ಯಾರದೂ ತಕರಾರಿಲ್ಲ, ಮಡಿಕೆ ಹೇಗಿದೆ ಎಂಬುದನ್ನು ಮಾತ್ರ ಚಿತ್ರ ಹೇಳಲಿಲ್ಲ. ವಿದ್ಯಾರ್ಥಿಯಾಗಿ ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಕಂಡ ಮೇಲೂ ಇಪ್ಪತ್ತು ವರ್ಷ ವಾದವೇ ಎಂದು. ಕೆಲಸಕ್ಕೆ ಕೈ ಹಾಕಿದ ಮೇಲೆ ಆಶ್ಚರ್ಯ ಉಳಿಯಲಿಲ್ಲ.

ಒಂದು ರಜೆಯಲ್ಲಿ ಊರಿಗೆ ಬಂದವಳು ಅಟ್ಟದಿಂದ ಎರಡು ಕೊಟ್ಟೆ ತೆಗೆದೆ, ಒಂದು ಕಟ್ಟದೇ ಉಳಿದ ಹೊಸದು, ಒಂದು ಎರಡು ಮಳೆಗಾಲ ಕಂಡದ್ದು. "ಹರಕು ಕೊಟ್ಟೆ ಎಂತಕ್ಕೆ ಕೂಸೇ?" ಎಂದು ಆಯಿ ಕೇಳಿದಳು. ಓದಿಗೆ ಎಂದೆ. ಎರಡನ್ನೂ ಅವಳು ಹಳೆಯ ಪಂಚಾಂಗದ ಹಾಳೆಗಳ ನಡುವೆ ಮಡಿಕೆ ಬೀಳದಂತೆ ಇಟ್ಟು ಕಟ್ಟಿಕೊಟ್ಟಳು.

ಆಗ ಪಾಲಿಮರಿನವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಊರು ಬಿಟ್ಟು ಹೋಗಬೇಕಿತ್ತು. ಗೈಡ್ ಸಹಿ ಹಾಕಿದ ಪತ್ರವನ್ನು ಅಂಚೆಯಲ್ಲಿ ಕಳಿಸುವುದು, ಬ್ಯಾಂಕಿನಲ್ಲಿ ಡಿಮಾಂಡ್ ಡ್ರಾಫ್ಟ್ (ಡಿ.ಡಿ.) ತೆಗೆಸುವುದು, ದಿನ ಗೊತ್ತಾದ ಮೇಲೆ ರಾತ್ರಿ ಬಸ್ಸು. ನಾನು ಹೋದದ್ದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ. ಅಲ್ಲಿನ ಯಂತ್ರ ಮುಖ್ಯವಾಗಿ ಲೋಹದವರದು. ಲೋಹ ಎಲೆಕ್ಟ್ರಾನಿನ ಹೊಡೆತ ತಡೆಯುತ್ತದೆ, ನಿರ್ವಾತದಲ್ಲಿ ಏನನ್ನೂ ಬಿಟ್ಟುಕೊಡುವುದಿಲ್ಲ. ಪ್ಲಾಸ್ಟಿಕ್ಕು ತೇವ, ಆವಿ ಬಿಡುತ್ತದೆ, ಅದು ಯಂತ್ರದ ಗಂಟಲಲ್ಲಿ ಮಸಿಯಾಗಿ ಕೂರುತ್ತದೆ. ಹಾಗಾಗಿ ಆಪರೇಟರ್ ಮೊದಲು ಕೇಳಿದ್ದೇ, ಸ್ಯಾಂಪಲ್ಲನ್ನು ವ್ಯಾಕ್ಯೂಮಿನಲ್ಲಿ ಎಷ್ಟು ಹೊತ್ತು ಒಣಗಿಸಿದ್ದೀರಿ ಎಂದು. ಹಿರಿಯರು, ಮಾತು ಕಡಿಮೆ. ಪಾಲಿಮರ್ ಹಾಳೆಯ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ.

ಮೇಲ್ಮೈ ನೋಡುವ ಸೆಮ್ ಯಂತ್ರಕ್ಕೆ ಸಿದ್ಧತೆ ಕಡಿಮೆ. ಹಾಳೆ ವಿದ್ಯುತ್ ಹಾಯಿಸದ ಕಾರಣ ಬಿದ್ದ ಎಲೆಕ್ಟ್ರಾನುಗಳು ಅಲ್ಲೇ ಜಮಾಯಿಸಿ ಚಿತ್ರ ಬೆಳ್ಳಗೆ ಉರಿದುಹೋಗುತ್ತದೆ. ಅದಕ್ಕೆ ಚಿನ್ನದ ತೆಳು ಲೇಪ ಬೇಕು. ಅಡ್ಡಸೀಳು ನೋಡಬೇಕಾದರೆ ಹಾಳೆಯನ್ನು ಕತ್ತರಿಯಲ್ಲಿ ಕತ್ತರಿಸುವಂತಿಲ್ಲ, ಅಂಚು ಜಜ್ಜಿಹೋಗುತ್ತದೆ. ದ್ರವ ಸಾರಜನಕದಲ್ಲಿ ಮುಳುಗಿಸಿ ಪಟ್ಟನೆ ಮುರಿಯಬೇಕು. ದನಗಳ ದವಾಖಾನೆಯಲ್ಲಿ ಹೋರಿಯ ವೀರ್ಯ ಇಡುವ ಆವಿಯಾಡುವ ಕ್ಯಾನ್ ಇರುತ್ತದಲ್ಲ, ಅದೇ ದ್ರವ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅಷ್ಟು ತಂಪಿನಲ್ಲಿ ಮೆತ್ತನೆಯ ಪಾಲಿಥೀನ್ ಕೂಡ ಗಾಜಾಗುತ್ತದೆ.

ಒಳಗಿನ ಹರಳುಗಳನ್ನೇ ನೋಡುವ ಟೆಮ್ ಯಂತ್ರದ ಕೆಲಸ ಬೇರೆ. ಅಲ್ಲಿ ಎಲೆಕ್ಟ್ರಾನು ಹಾಳೆಯನ್ನು ತೂರಿ ಆಚೆ ಬರಬೇಕು. 25 ಮೈಕ್ರಾನಿನ ಕೊಟ್ಟೆ ಅದಕ್ಕೆ ಗೋಡೆಯಷ್ಟು ದಪ್ಪ, 100 ನ್ಯಾನೊಮೀಟರಿಗಿಂತ ತೆಳುವಾಗಿ ಕೊಯ್ಯಬೇಕು. ಕೊಯ್ದರೂ ಏನೂ ಕಾಣುವುದಿಲ್ಲ. ಹರಳೂ ಇಂಗಾಲ ಮತ್ತು ಜಲಜನಕ, ಗೋಜಲೂ ಅದೇ, ಎರಡರ ನಡುವೆ ನೆರಳು ಬೆಳಕಿನ ಭೇದವೇ ಇಲ್ಲ. ರಬ್ಬರಿನಂಥ ಪಾಲಿಮರುಗಳಿಗೆ ಆಸ್ಮಿಯಂ ಬಣ್ಣ ಹಿಡಿಯುತ್ತದೆ, ಪಾಲಿಥೀನಿಗೆ ಹಿಡಿಯುವುದಿಲ್ಲ. ಇದಕ್ಕೆ 1973ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕಾನಿಗ್ ಒಂದು ದಾರಿ ಕಂಡುಹಿಡಿದಿದ್ದರು. ಹಾಳೆಯನ್ನು ಕ್ಲೋರೋಸಲ್ಫೋನಿಕ್ ಆಮ್ಲದಲ್ಲಿ ಬೆಚ್ಚಗೆ ಇಟ್ಟರೆ ಆಮ್ಲ ಸಡಿಲ ಭಾಗವನ್ನು ಮಾತ್ರ ಹೊಕ್ಕು ಅಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಯುರೇನಿಯಂ ಲವಣ ಕುಡಿಸಿದರೆ ಭಾರದ ಪರಮಾಣುಗಳು ಅಲ್ಲೇ ಸೇರುತ್ತವೆ. ಚಿತ್ರದಲ್ಲಿ ಗೋಜಲು ಕಪ್ಪು, ಹರಳು ಬಿಳಿ ಗೆರೆ.

ಆ ಆಮ್ಲ ನೀರು ಕಂಡರೆ ಸಿಡಿಯುತ್ತದೆ, ಮುಚ್ಚಳ ತೆಗೆದರೆ ಹೊಗೆಯಾಡುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅದನ್ನು ತೆರೆಯುವ ಮಾತೇ ಇಲ್ಲ. ಧಾರವಾಡದ ಒಣ ಬೇಸಿಗೆಯಲ್ಲೂ ಫ್ಯೂಮ್ ಹುಡ್ಡಿನ ಗಾಜು ಇಳಿಸಿಕೊಂಡೇ ಕೆಲಸ. ತೆಗೆದಾಗ ನಮ್ಮ ಕೊಟ್ಟೆಯ ಚೂರು ಕಂದುಗಪ್ಪಾಗಿ, ಕೊಯ್ಯಲು ಬರುವಷ್ಟು ಗಟ್ಟಿಯಾಗಿತ್ತು. ಅದನ್ನು ಎಪಾಕ್ಸಿ ಅಂಟಿನ ಅಚ್ಚಿನಲ್ಲಿ ಹೂತು, ಅಚ್ಚಿನ ತುದಿಯನ್ನು ಬ್ಲೇಡಿನಿಂದ ಸಣ್ಣ ಪಿರಮಿಡ್ಡಿನಂತೆ ಕೆತ್ತಿ, ಮೈಕ್ರೋಟೋಮಿಗೆ ಸಿಕ್ಕಿಸಬೇಕು. ಚಾಕು ಗಾಜಿನದು. ದಪ್ಪ ಗಾಜಿನ ಪಟ್ಟಿಯನ್ನು ಚೌಕ ಮುರಿದು, ಚೌಕವನ್ನು ಕರ್ಣದಲ್ಲಿ ಮುರಿದರೆ ಅಂಚು ಸಿಗುತ್ತದೆ. ಆ ಅಂಚು ಸ್ವಲ್ಪವೇ ಕೊಯ್ತಕ್ಕೆ ಮೊಂಡಾಗುತ್ತದೆ, ಮತ್ತೆ ಹೊಸದು ಮುರಿಯಬೇಕು. ವಜ್ರದ ಚಾಕು ಇತ್ತು, ಹೊಸಬರ ಕೈಗೆ ಕೊಡುತ್ತಿರಲಿಲ್ಲ, ಕೊಡದಿದ್ದದ್ದು ಸರಿಯೇ.

ಚಾಕುವಿನ ಹಿಂದೆ ಪುಟ್ಟ ದೋಣಿಯಲ್ಲಿ ನೀರು. ಅಚ್ಚು ಮೇಲಿಂದ ಕೆಳಗೆ ಇಳಿದು ಚಾಕುವಿಗೆ ತಾಗಿದಾಗಲೆಲ್ಲ ಒಂದು ಪದರ ಸರಿದು ನೀರಿನ ಮೇಲೆ ತೇಲುತ್ತದೆ, ಅದರ ಹಿಂದೆ ಇನ್ನೊಂದು. ದಪ್ಪ ಅಳೆಯಲು ಯಂತ್ರದ ಡಯಲನ್ನು ನಂಬುವುದಿಲ್ಲ, ಬಣ್ಣ ನೋಡುತ್ತಾರೆ. ನೇರಳೆ, ನೀಲಿ ಬಂದರೆ ದಪ್ಪ, ಎಸೆಯಬೇಕು. ಬಂಗಾರದ ಬಣ್ಣ ಬಂದರೆ 100 ನ್ಯಾನೊಮೀಟರಿನ ಆಸುಪಾಸು. ಬೆಳ್ಳಿಯ ಬಣ್ಣ ಬಂದರೆ 60ರಿಂದ 90, ಅದು ಬೇಕಾದ್ದು. ತೇಲುವ ಪದರಗಳನ್ನು ಒಂದೆಡೆ ಕೂಡಿಸಲು ಆಪರೇಟರ್ ನನಗೆ ಕೊಟ್ಟದ್ದು ಒಂದು ಬಿದಿರುಕಡ್ಡಿ, ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿದ್ದು. ಅಷ್ಟು ಮೆದುವಾದ, ತುದಿ ಅಷ್ಟು ಚೂಪಾದ ಸಾಧನ ಬೇರೆ ಇಲ್ಲವಂತೆ. ಉಸಿರು ಬಿಗಿಹಿಡಿದು ಬೆಳ್ಳಿಯವನ್ನು ಒಂದು ಮೂಲೆಗೆ ನೂಕಿ, 3 ಮಿಲಿಮೀಟರಿನ ತಾಮ್ರದ ಜಾಲರಿಯನ್ನು ಮೇಲಿಂದ ಮುಟ್ಟಿಸಿ ಎತ್ತಬೇಕು. ಈ ಕೆಲಸಕ್ಕೆ ಈಗಲೂ ಎಷ್ಟೋ ಕಡೆ ರೆಪ್ಪೆಗೂದಲನ್ನೇ ಬಳಸುತ್ತಾರೆ.

ಟೆಮ್ ಕೋಣೆಯಲ್ಲಿ ದೀಪ ಆರಿಸಿ ಕಣ್ಣು ಕತ್ತಲಿಗೆ ಒಗ್ಗುವ ತನಕ ಕೂರಬೇಕು. ಹಸಿರು ಹೊಳಪಿನ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಬಣ್ಣ ಕುಡಿಸದ ಪಾಲಿಥೀನ್ ಹರಳನ್ನು ಇಟ್ಟರೆ ಚುಕ್ಕೆಗಳ ವಿನ್ಯಾಸ ಕಾಣಿಸಿ, ನೋಡುನೋಡುತ್ತಿದ್ದಂತೆ ಮಾಸಿ, ಮಸುಕು ಉಂಗುರವಾಗಿ ಹೋಗುತ್ತಿತ್ತು. ನೋಡಲು ಬಿಟ್ಟ ಎಲೆಕ್ಟ್ರಾನುಗಳೇ ಸರಪಳಿಗಳ ಬಂಧ ಕಡಿದು ಹರಳನ್ನು ಕೆಡಿಸುತ್ತವೆ. ಹಾಗಾಗಿ ಪಕ್ಕದ ಜಾಗದಲ್ಲಿ ಫೋಕಸ್ ಸರಿಮಾಡಿಕೊಂಡು, ಎಲೆಕ್ಟ್ರಾನ್ ಇನ್ನೂ ತಾಗದ ಜಾಗಕ್ಕೆ ಸರಿಸಿ, ಅಲ್ಲಿ ನೋಡದೆಯೇ ಫೋಟೋ ಹೊಡೆಯುವುದು ಪದ್ಧತಿ. ಸಿಕ್ಕಿತೋ ಇಲ್ಲವೋ ಗೊತ್ತಾಗುವುದು ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದ ಮೇಲೆ.

ಸಿಕ್ಕಿದ ಚಿತ್ರಗಳಲ್ಲಿ ಹೊಸ ಕೊಟ್ಟೆಯ ಬಿಳಿ ಗೆರೆಗಳು ಸಾಲುಸಾಲಾಗಿ ನಿಂತಿದ್ದವು. ಕೊಟ್ಟೆಯ ಹಾಳೆಯನ್ನು ಕಾರ್ಖಾನೆಯಲ್ಲಿ ಕರಗಿದ ಪಾಲಿಥೀನಿನ ಕೊಳವೆಯನ್ನು ಮೇಲಕ್ಕೆ ಎಳೆಯುತ್ತ ಒಳಗೆ ಗಾಳಿ ಊದಿ ಮಾಡುತ್ತಾರೆ. ಎಳೆತಕ್ಕೆ ಸಿಕ್ಕ ಕೆಲವು ಸರಪಳಿಗಳು ನೀಳವಾಗಿ ಚಾಚಿಕೊಂಡು ಮೊದಲು ಹರಳಾಗುತ್ತವೆ, ಉಳಿದ ಹರಳುಗಳು ಆ ಸಾಲಿನಿಂದ ಅಡ್ಡಕ್ಕೆ ಬೆಳೆಯುತ್ತವೆ. ಇದನ್ನು ಕೆಲ್ಲರ್ ಮತ್ತು ಮೇಚಿನ್ 1967ರಲ್ಲಿ ವಿವರಿಸಿದ್ದರು. ಕೊನೆಗೌಡರು ಬೆರಳಲ್ಲಿ ಎಳೆದು ತೋರಿಸಿದ ಎರಡು ದಿಕ್ಕಿನ ಭೇದ ಈ ಸಾಲುಗಳದು. ಎರಡು ಮಳೆಗಾಲದ ಕೊಟ್ಟೆಯ ಮೇಲ್ಮೈಯನ್ನು ಸೆಮ್‌ನಲ್ಲಿ ನೋಡಿದಾಗ ಬಿರುಕಿನ ಜಾಲ ಕಂಡಿತು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಕೂಡಿ ಕಡಿಯುವುದು ಸಡಿಲ ಭಾಗದ ಸರಪಳಿಗಳನ್ನು. ಹರಳಿಗೂ ಹರಳಿಗೂ ನಡುವೆ ಸೇತುವೆಯಾಗಿದ್ದವು ಅವೇ. ಕಡಿದು ಗಿಡ್ಡವಾದ ತುಂಡುಗಳು ಹತ್ತಿರದ ಹರಳಿಗೆ ಹೋಗಿ ಸೇರಿಕೊಳ್ಳುತ್ತವೆ, ಹಾಳೆ ಇನ್ನಷ್ಟು ಹರಳಾಗಿ, ಸೇತುವೆಯಿಲ್ಲದೆ ಪೆಡಸಾಗುತ್ತದೆ. ಪಕ್ಕದ ಮರಕ್ಕೆ ಹೊಡೆದ ಮದ್ದು ಸಿಡಿದು ಬಿದ್ದರೆ ಅದರ ತಾಮ್ರ ಈ ಕೆಲಸವನ್ನು ಚುರುಕು ಮಾಡುತ್ತದೆ. ತಾಮ್ರದ ತಂತಿಗೆ ಪಾಲಿಥೀನ್ ಹೊದಿಸುವವರಿಗೆ ಈ ಸಂಗತಿ ಮೊದಲೇ ಗೊತ್ತಿತ್ತು.

ಆ ಚಿತ್ರಗಳನ್ನು ತೋರಿಸಿದಾಗ ನನ್ನ ಗೈಡ್ ಕೇಳಿದ ಪ್ರಶ್ನೆ ಒಂದೇ: ಈ ಬಿರುಕು ತೋಟದ್ದೋ, ಚಿನ್ನ ಲೇಪಿಸುವಾಗಿನ ಬಿಸಿಯದೋ? ಉತ್ತರಕ್ಕಾಗಿ ಹೊಸ ಕೊಟ್ಟೆಯನ್ನೂ ಹಳೆಯದನ್ನೂ ಒಂದೇ ತಟ್ಟೆಯ ಮೇಲಿಟ್ಟು ಒಂದೇ ಸಲಕ್ಕೆ ಲೇಪಿಸಿದೆವು. ಹೊಸದರಲ್ಲಿ ಬಿರುಕಿರಲಿಲ್ಲ. ನಾವು ನೋಡಿದ್ದು ಆಮ್ಲ, ಯುರೇನಿಯಂ, ಚಾಕು, ನಿರ್ವಾತ, ಚಿನ್ನ, ಎಲೆಕ್ಟ್ರಾನ್ ಇಷ್ಟನ್ನೂ ದಾಟಿ ಉಳಿದ ಕೊಟ್ಟೆಯನ್ನು. ಮರದ ಮೇಲಿದ್ದ ಕೊಟ್ಟೆಗೆ ಅದು ಎಷ್ಟು ಹತ್ತಿರ ಎಂಬುದನ್ನು ಪ್ರತಿ ಹೆಜ್ಜೆಯಲ್ಲೂ ಹೋಲಿಸಿ ತೋರಿಸಬೇಕು. ಪಾಲಿಮರ್ ಹಾಳೆಯ ಮೈಕ್ರೋಸ್ಕೋಪಿ ಎಂದರೆ ಮುಕ್ಕಾಲು ಪಾಲು ಈ ಹೋಲಿಕೆಯ ಕೆಲಸ.

ಹಾಳೆಯ ಒಳಗನ್ನು ಹೀಗೆ ನೋಡುವುದರ ಬೆಲೆ ಎಷ್ಟು ಎಂಬುದಕ್ಕೆ ಈಗ ಊರೂರಿಗೂ ಬಂದ ಶುದ್ಧ ನೀರಿನ ಘಟಕವನ್ನು ನೋಡಬಹುದು. ಅದರೊಳಗಿನ ಪೊರೆಯ ಮೂಲ 1960ರ ಸುಮಾರಿಗೆ ಅಮೆರಿಕದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್ ಮಾಡಿದ ಸೆಲ್ಯುಲೋಸ್ ಅಸಿಟೇಟ್ ಹಾಳೆ. ಉಪ್ಪುನೀರನ್ನು ಅದರ ಒಂದು ಮುಖದಿಂದ ಒತ್ತಿದರೆ ಸಿಹಿನೀರು ಸಿಗುತ್ತಿತ್ತು, ಹಾಳೆ ಮಗುಚಿ ಹಾಕಿದರೆ ಸಿಗುತ್ತಿರಲಿಲ್ಲ. 1964ರಲ್ಲಿ ರೈಲಿ, ಗಾರ್ಡ್ನರ್, ಮೆರ್ಟೆನ್ ಎಂಬವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಕಾರಣ ತೋರಿಸಿದರು: ಹಾಳೆಯ ಬಹುಪಾಲು ರಂಧ್ರಗಳಿಂದ ತುಂಬಿದೆ, ಒಂದು ಮುಖಕ್ಕೆ ಮಾತ್ರ ಒಂದು ಮೈಕ್ರಾನಿಗಿಂತ ಎಷ್ಟೋ ತೆಳುವಾದ ಒತ್ತು ಸಿಪ್ಪೆ ಇದೆ, ಉಪ್ಪನ್ನು ತಡೆಯುವುದು ಆ ಸಿಪ್ಪೆ. ಈಗಿನ ಪೊರೆಗಳಲ್ಲಿ ಆ ಸಿಪ್ಪೆ ಪಾಲಿಅಮೈಡಿನದು. 2021ರಲ್ಲಿ ಮನೀಷ್ ಕುಮಾರ್, ಎನ್ರಿಕೆ ಗೋಮೆಜ್ ಮತ್ತು ಸಂಗಡಿಗರು ಅದನ್ನು ಹಲವು ಕೋನಗಳಿಂದ ಚಿತ್ರಿಸಿ ಮೂರು ಆಯಾಮದಲ್ಲಿ ಕಟ್ಟಿ, ನೀರು ಸಲೀಸಾಗಿ ಹಾಯುವುದಕ್ಕೆ ಸಿಪ್ಪೆ ತೆಳುವಾಗಿದ್ದರೆ ಸಾಲದು, ಒಳಗಿನ ಸಾಂದ್ರತೆ ಎಲ್ಲೆಡೆ ಒಂದೇ ಸಮ ಇರಬೇಕು ಎಂದು ತೋರಿಸಿದರು. ಅರವತ್ತು ವರ್ಷದಲ್ಲಿ ಅದೇ ಸಿಪ್ಪೆಯ ಒಳಗಿನ ಒಳಗಿಗೆ ಹೋದ ಕೆಲಸ ಇದು.

ಈಗ ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಪಾಲಿಮರ್ ಹಾಳೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಅವಳಿಗೆ ಡಿ.ಡಿ. ಎಂದರೆ ಬಿಡಿಸಿ ಹೇಳಬೇಕು. 2020ರ ಜನವರಿಯಲ್ಲಿ ಶುರುವಾದ ಐ-ಸ್ಟೆಮ್ ಎಂಬ ಜಾಲತಾಣದಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ ಎಂದು ನೋಡಿ ಮನೆಯಿಂದಲೇ ಸ್ಲಾಟ್ ಹಿಡಿಯಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪರಮಾಣುಗಳ ಸಾಲು ತೋರಿಸುವ ಟೈಟನ್ ಯಂತ್ರಗಳಿವೆ. ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲೇ ಹೊರಗಿನವರಿಗೂ ತೆರೆದ ಸೈಫ್ ಉಪಕರಣ ಕೇಂದ್ರ ಬಂದಿದೆ. ಹೊಸ ಸೆಮ್‌ಗಳು ಒಂದು ಕಿಲೋವೋಲ್ಟಿನಷ್ಟು ಕಡಿಮೆ ಒತ್ತಡದಲ್ಲೂ ನಡೆಯುವುದರಿಂದ ಎಷ್ಟೋ ಹಾಳೆಗಳಿಗೆ ಚಿನ್ನದ ಲೇಪವೇ ಬೇಡ. ಟೆಮ್‌ನಲ್ಲಿ ಫಿಲ್ಮಿನ ಜಾಗಕ್ಕೆ ಎಲೆಕ್ಟ್ರಾನನ್ನು ನೇರವಾಗಿ ಎಣಿಸುವ ಡಿಟೆಕ್ಟರ್ ಬಂದಿದೆ, ಅದಕ್ಕೆ ಬೇಕಾಗುವ ಎಲೆಕ್ಟ್ರಾನುಗಳೂ ಕಡಿಮೆ, ಹಾಳೆಗೆ ಬೀಳುವ ಹೊಡೆತವೂ ಕಡಿಮೆ. ಸ್ಯಾಂಪಲ್ಲನ್ನು ತಂಪಿನಲ್ಲೇ ಇಟ್ಟು ನೋಡುವ ವಿದ್ಯೆಗೆ 2017ರಲ್ಲಿ ನೊಬೆಲ್ ಬಂತು. ಜೀವಶಾಸ್ತ್ರದವರಿಗೆಂದು ಬೆಳೆದ ಆ ವಿದ್ಯೆ ನಮ್ಮ ಮೆದು ಪಾಲಿಮರುಗಳಿಗೂ ವರವಾಯಿತು.

ಅವಳು ವಾಟ್ಸಾಪಿನಲ್ಲಿ ಚಿತ್ರ ಕಳಿಸುತ್ತಾಳೆ. ಸಿಗ್ನಲ್ ಸಿಕ್ಕರೆ ಕತಗಾಲದ ಜಗಲಿಯಲ್ಲಿ ಕೂತು ಹತ್ತು ನ್ಯಾನೊಮೀಟರಿನ ಗೆರೆ ನೋಡುತ್ತೇನೆ. ಆ ಚಿತ್ರಗಳ ಚಂದಕ್ಕೆ ನಾನು ಈಗಲೂ ಸೋಲುತ್ತೇನೆ. ನಮ್ಮ ಕಾಲದಲ್ಲಿ ಅವು ಸಿಕ್ಕಿದ್ದರೆ ಎಷ್ಟೋ ವರ್ಷ ಉಳಿಯುತ್ತಿದ್ದವು. ಒಂದು ವಿಷಯದಲ್ಲಿ ಮಾತ್ರ ನನಗೆ ಕಳವಳವಿದೆ. ಒಂದೇ ಮಧ್ಯಾಹ್ನದಲ್ಲಿ ನೂರಾರು ಚಿತ್ರ ಬರುತ್ತವೆ, ಅದರಲ್ಲಿ ಚಂದದ್ದನ್ನು ಆರಿಸಿ ಪ್ರಬಂಧಕ್ಕೆ ಹಾಕುವ ಅಭ್ಯಾಸ ಬೆಳೆದಿದೆ. ಮಸುಕನ್ನು ತಿದ್ದಿ ಗೆರೆಯನ್ನು ಗಟ್ಟಿ ಮಾಡಿಕೊಡುವ ತಂತ್ರಾಂಶಗಳೂ ಬಂದಿವೆ. ತಿದ್ದಿದ ಗೆರೆ ಹಾಳೆಯದೋ ತಂತ್ರಾಂಶದ್ದೋ ಎಂದು ಕೇಳುವುದು, ಬಿರುಕು ತೋಟದ್ದೋ ಲೇಪದ್ದೋ ಎಂದು ಕೇಳಿದಷ್ಟೇ ಮುಖ್ಯ. ಎಷ್ಟು ಎಲೆಕ್ಟ್ರಾನ್ ಬಿದ್ದ ಮೇಲೆ ತೆಗೆದ ಚಿತ್ರ, ಒಟ್ಟು ಎಷ್ಟರಲ್ಲಿ ಆರಿಸಿದ್ದು, ಇವೆರಡನ್ನೂ ಪ್ರತಿ ಚಿತ್ರದ ಕೆಳಗೆ ಬರೆಯುವುದು ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ. ತಂಗಿಯ ಮಗಳು ಬರೆಯುತ್ತಾಳೆ.

ತೋಟದಲ್ಲಿ ಈಗ ಕೊಟ್ಟೆ ಕಟ್ಟುವುದು ಕಡಿಮೆ. ಮರ ಹತ್ತುವವರು ಸಿಗುವುದಿಲ್ಲ. ನಮ್ಮ ಕೊನೆಗೌಡರ ಮಕ್ಕಳಲ್ಲಿ ಯಾರೂ ಆ ಕೆಲಸಕ್ಕೆ ಬರಲಿಲ್ಲ, ಬರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಜಾರುವ ಮರದ ಮೇಲೆ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ಈಗ ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದ ಮೇಲೆ ನಿಂತೇ ಮದ್ದು ಹೊಡೆಯುತ್ತಾರೆ, ಕೊನೆ ಕೊಯ್ಯುತ್ತಾರೆ. ಹಳೆಯ ಕೊಟ್ಟೆಗಳು ಮಾತ್ರ ಹೋಗಿಲ್ಲ. ಕಾಲುವೆಯ ಹೂಳು ತೆಗೆದರೆ ಉಗುರಿನಷ್ಟು, ಉಗುರಿಗಿಂತ ಚಿಕ್ಕ ಚೂರುಗಳು ಮಣ್ಣಿನ ಜೊತೆ ಏಳುತ್ತವೆ. ಹರಳಿನ ನಡುವಿನ ಸೇತುವೆ ಕಡಿದರೆ ಹಾಳೆ ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ, ಪುಡಿ ಪಾಲಿಥೀನಾಗಿಯೇ ಉಳಿಯುತ್ತದೆ. ಜೋರು ಮಳೆಗೆ ಚಂಡಿಕಾ ಹೊಳೆ ಉಕ್ಕಿ ಕತಗಾಲದಲ್ಲಿ ರಸ್ತೆ ಮುಳುಗಿಸುವುದು ಇಲ್ಲಿಯವರಿಗೆ ಹೊಸದೇನಲ್ಲ. ಆ ನೀರು ತೋಟದ ಮಣ್ಣನ್ನು ಹೊತ್ತು ಅಘನಾಶಿನಿಗೆ ಹೋಗುತ್ತದೆ. ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದಾಗಿ 2024ರ ಜನವರಿಯಲ್ಲಿ ಪ್ರಕಟವಾದ ಅಳಿವೆ ಅದು. ಬಳಚು ಆರಿಸಿ ಬದುಕುವ ಸಾವಿರಾರು ಜನರಿದ್ದಾರೆ. ಬಳಚು ನೀರನ್ನು ಸೋಸಿ ತಿನ್ನುವ ಪ್ರಾಣಿ, ನೀರಿನಲ್ಲಿ ತೇಲುವ ಸಣ್ಣ ಕಣಗಳೂ ಅದರ ಹೊಟ್ಟೆಗೆ ಹೋಗಬಹುದು. ನಾವು ಕಟ್ಟಿದ ಕೊಟ್ಟೆಗಳ ಲೆಕ್ಕ ನಮ್ಮ ತೋಟದ ಬೇಲಿಗೆ ಮುಗಿಯಲಿಲ್ಲ.

ಊರಿನ ಕೆಲವು ಹುಡುಗರು ಗೊಬ್ಬರವಾಗುವ ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟಿ ನೋಡಬಹುದೇ ಎಂದು ಕೇಳಿದರು. ಮಾರುಕಟ್ಟೆಯಲ್ಲಿ ಸಿಗುವ ಅಂಥ ಚೀಲಗಳಲ್ಲಿ ಸಾಮಾನ್ಯವಾಗಿ ಪಿಬ್ಯಾಟ್ ಎಂಬ ಪಾಲಿಮರಿನ ಜೊತೆ ಪಿಷ್ಟವನ್ನೋ ಪಿಎಲ್‌ಎ ಎಂಬ ಇನ್ನೊಂದು ಪಾಲಿಮರನ್ನೋ ಬೆರೆಸಿರುತ್ತಾರೆ. ಐಎಸ್/ಐಎಸ್ಒ 17088 ಮಾನದಂಡ ಹೇಳುವುದು ಕಾಂಪೋಸ್ಟ್ ಘಟಕದ 58 ಡಿಗ್ರಿ ಕಾವಿನಲ್ಲಿ ಅದು ಕರಗುವ ಬಗ್ಗೆ. ಅಡಕೆ ತೋಟದ ತಂಪು ಮಣ್ಣಿನಲ್ಲಿ ಅಂಥ ಕಾವು ಎಲ್ಲಿಯದು? ಅದರ ಮೇಲೆ ನಮಗೆ ಬೇಕಾದದ್ದು ಎರಡು ವಿರುದ್ಧ ಗುಣ: ನಾಲ್ಕು ತಿಂಗಳು ಮಳೆಗೆ ಜಗ್ಗದೆ ನಿಲ್ಲಬೇಕು, ಆಮೇಲೆ ಬೇಗ ಮಣ್ಣಾಗಬೇಕು. ಅದು ಆಗುತ್ತದೋ ಇಲ್ಲವೋ ಎಂಬುದು ಪಿಷ್ಟದ ಕಣ ಹಾಳೆಯೊಳಗೆ ಎಷ್ಟು ದೊಡ್ಡದಾಗಿ, ಯಾವ ದಿಕ್ಕಿಗೆ ಎಳೆದುಕೊಂಡು ಕೂತಿದೆ, ಕಣ ಒಂದಕ್ಕೊಂದು ತಾಗಿ ನೀರಿಗೆ ದಾರಿ ಮಾಡಿಕೊಟ್ಟಿದೆಯೇ ಎಂಬುದರ ಮೇಲೆ ನಿಂತಿದೆ. ಚೀಲದ ಮೇಲಿನ ಹಸಿರು ಮುದ್ರೆ ಅದನ್ನು ಹೇಳುವುದಿಲ್ಲ.

ಈ ಮಳೆಗಾಲಕ್ಕೆ ಮುಂಚೆ ಗಿಡ್ಡ ಮರಗಳಿಗೆ ಏಣಿ ಹಾಕಿ ಕೆಲವು ಕಟ್ಟಿಸಿದ್ದೇವೆ, ಹೋಲಿಕೆಗೆ ಪಕ್ಕದಲ್ಲೇ ಮಾಮೂಲಿ ಪಾಲಿಥೀನ್. ತಿಂಗಳಿಗೊಂದರಂತೆ ಇಳಿಸಿ ಬೆಂಗಳೂರಿಗೆ ಕಳಿಸಬೇಕು. ಪಿಬ್ಯಾಟಿಗೆ ಬಣ್ಣ ಕುಡಿಸಲು ರುಥೇನಿಯಂ ಆಗುತ್ತದೆ ಎಂದು ತಂಗಿಯ ಮಗಳು ಹೇಳಿದ್ದಾಳೆ. ಹುಡುಗರಿಗೆ ನಾನು ಹೇಳಿಕೊಟ್ಟದ್ದು ಇಷ್ಟು: ಕಟ್ಟುವ ಮೊದಲೇ ಪ್ರತಿ ಕೊಟ್ಟೆಯ ಮೇಲೆ ಹಾಳೆ ಎಳೆದ ದಿಕ್ಕಿಗೆ ಅಳಿಯದ ಪೆನ್ನಿನಲ್ಲಿ ಬಾಣ ಹಾಕಿ, ಇಳಿಸಿದ್ದನ್ನು ಒರೆಸಬೇಡಿ, ಬಿಸಿಲಿಗೆ ಒಣಗಿಸಬೇಡಿ, ಮಡಚದೆ ಕಾಗದದ ನಡುವೆ ಇಡಿ, ಮತ್ತು ಪ್ರತಿ ಸಲವೂ ಅಟ್ಟದ ಮೇಲಿನ ಕಟ್ಟದ ಕೊಟ್ಟೆಯಿಂದ ಒಂದು ಚೂರು ಕತ್ತರಿಸಿ ಅದೇ ಲಕೋಟೆಯಲ್ಲಿ ಹಾಕಿ.